ಹ್ಯಾಮ್ ರೇಡಿಯೋ ಸಾಫ್ಟ್‌ವೇರ್ ನಮಗೆ ಹೇಳದೆ ಏನೇನು ಮಾಡುತ್ತದೆ?

ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳ ರೇಡಿಯೋ, ಇಟ್ಟುಕೊಂಡವರ ನಡುವೆ ಈಗೀಗ ಪದೇ ಪದೇ ಏಳುವ ಪ್ರಶ್ನೆ ಒಂದಿದೆ. ನಾನು ಏನನ್ನೂ ಒತ್ತದೇ ಇದ್ದಾಗ ರೇಡಿಯೋ ನಡೆಸುವ ಈ ಕಂಪ್ಯೂಟರ್ ಪ್ರೋಗ್ರಾಂ ಏನು ಮಾಡುತ್ತಿರುತ್ತದೆ?

ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ಹ್ಯಾಮ್‌ಗಳ ಮೇಜಿನ ಮೇಲೆ ಒಂದು ರೇಡಿಯೋ, ಒಂದು ಮೈಕು, ಒಂದು ಮೋರ್ಸ್ ಕೀ ಇದ್ದರೆ ಮುಗಿಯಿತು. ಕೀ ಒತ್ತಿದರೆ ಸಿಗ್ನಲ್ ಹೋಗುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಈಗ ಕೈಗೂ ರೇಡಿಯೋಗೂ ನಡುವೆ ಕಂಪ್ಯೂಟರ್ ಬಂದು ಕೂತಿದೆ. ಕೇಳುವುದು, ಬಿಡಿಸುವುದು, ಉತ್ತರಿಸುವುದು, ಬರೆದಿಡುವುದು ಎಲ್ಲವನ್ನೂ ಅದೇ ಮಾಡುತ್ತದೆ. ಇವುಗಳಲ್ಲಿ ಕೆಲವನ್ನು ನಾವು ಕೇಳಿ ಮಾಡಿಸಿಕೊಳ್ಳುತ್ತೇವೆ. ಇನ್ನು ಕೆಲವು ನಮಗೆ ಗೊತ್ತೇ ಇರುವುದಿಲ್ಲ. ಈ ಲೇಖನ ಆ ಎರಡನೇ ಬಗೆಯ ಬಗ್ಗೆ.

ಹೊಣೆ ಯಾರದು?

ಹ್ಯಾಮ್ ಅಥವಾ ಅಮೆಚೂರ್ ರೇಡಿಯೋ ಅಂದರೆ ಪರವಾನಗಿ ಪಡೆದವರು ತಮ್ಮ ಆಸಕ್ತಿಗಾಗಿ, ಕಲಿಕೆಗಾಗಿ, ಪ್ರಯೋಗಕ್ಕಾಗಿ ನಡೆಸುವ ರೇಡಿಯೋ ಸಂಪರ್ಕ. ಇಲ್ಲಿ ಹಣದ ಲಾಭ ಇರಬಾರದು. ಇದನ್ನು ಹೀಗೆ ಗುರುತಿಸಿರುವುದು ವಿಶ್ವಸಂಸ್ಥೆಯ ಅಂಗವಾದ ಐಟಿಯು, ಅಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. ಅದರ ರೇಡಿಯೋ ನಿಯಮಗಳ 25ನೇ ವಿಧಿ ಹ್ಯಾಮ್‌ಗಳಿಗೇ ಮೀಸಲು. ಆ ವಿಧಿಯ ಎರಡು ಮಾತು ನಮಗಿಲ್ಲಿ ಮುಖ್ಯ. ಟ್ರಾನ್ಸ್‌ಮಿಟ್ ಮಾಡುವಾಗ, ಅಂದರೆ ಸಿಗ್ನಲ್ ಕಳಿಸುವಾಗ, ಆಗಾಗ ಕಾಲ್‌ಸೈನ್ ಹೇಳಬೇಕು. ಬೇರೆ ದೇಶದ ಹ್ಯಾಮ್ ಜೊತೆ ಮಾತಾಡುವಾಗ ಅರ್ಥ ಮುಚ್ಚಿಡುವ ಸಂಕೇತ ಬಳಸಬಾರದು.

ಕಾಲ್‌ಸೈನ್ ಅಂದರೆ ಅಕ್ಷರ, ಅಂಕಿ ಬೆರೆತ ಒಂದು ಗುರುತು. ಒಬ್ಬರಿಗೆ ಕೊಟ್ಟ ಗುರುತು ಜಗತ್ತಿನಲ್ಲಿ ಇನ್ನೊಬ್ಬರಿಗೆ ಇರುವುದಿಲ್ಲ. ಅದನ್ನು ಹೊತ್ತು ಹೋದ ಪ್ರತಿ ಸಿಗ್ನಲ್‌ಗೂ ಪರವಾನಗಿ ಪಡೆದವರೇ ಉತ್ತರ ಕೊಡಬೇಕು. ಇಂಥ ಸಾಫ್ಟ್‌ವೇರ್ ಬಳಸುವುದು ಒಂದು ರೀತಿಯಲ್ಲಿ ಸಹಿ ಹಾಕಿದ ಖಾಲಿ ಹಾಳೆಗಳನ್ನು ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ನೀವು ಹೇಳಿದ್ದನ್ನು ಮಾತ್ರ ಅವರು ಬರೆದರೆ ಸರಿ. ನಿಮಗೆ ತಿಳಿಸದೆ ಬೇರೇನೋ ಬರೆದು ಕಳಿಸಿದರೂ ಕೆಳಗಿರುವ ಸಹಿ ನಿಮ್ಮದೇ ಅಲ್ವಾ?

ಪ್ರೋಗ್ರಾಂ ಬರೆದವರಿಗೆ ನಿಮ್ಮ ಪರವಾನಗಿಯ ಜೊತೆ ಯಾವ ಸಂಬಂಧವೂ ಇಲ್ಲ. ಬೇರೆ ಕ್ಷೇತ್ರದ ಸಾಫ್ಟ್‌ವೇರ್‌ನಲ್ಲಿ ಗುಟ್ಟಿನ ನಡವಳಿಕೆ ಬರೀ ಕಿರಿಕಿರಿ ಅನ್ನಿಸಬಹುದು. ಇಲ್ಲಿ ಅದು ಪರವಾನಗಿಯ ಪ್ರಶ್ನೆಯಾಗುವುದು ಇದೇ ಕಾರಣಕ್ಕೆ.

ಹದಿನೈದು ಸೆಕೆಂಡಿನ ಆಟ

ತಾನಾಗೇ ನಡೆಯುವ ಕೆಲಸ ಹ್ಯಾಮ್ ರೇಡಿಯೋಗೆ ಯಾಕೆ ಬೇಕಾಯಿತು? ಇದಕ್ಕೆ ಎಫ್‌ಟಿ8 ಒಳ್ಳೆಯ ಉದಾಹರಣೆ. ಕಂಪ್ಯೂಟರ್ ಮೂಲಕ ಚಿಕ್ಕ ಚಿಕ್ಕ ಸಂದೇಶ ಕಳಿಸುವ ಒಂದು ಡಿಜಿಟಲ್ ವಿಧಾನ ಅದು. 2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕಿ ಇದನ್ನು ಹೊರತಂದರು. ಎಫ್‌ಟಿ8ರ ಎಫ್ ಮತ್ತು ಟಿ ಇವರಿಬ್ಬರ ಹೆಸರಿನವು. ಟೇಲರ್ ಖಗೋಳ ವಿಜ್ಞಾನಿ. ಜೋಡಿ ಪಲ್ಸಾರ್ (ಇನ್ನೊಂದು ನಕ್ಷತ್ರದ ಜೊತೆ ಸುತ್ತುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ) ಕಂಡುಹಿಡಿದದ್ದಕ್ಕೆ 1993ರ ಭೌತಶಾಸ್ತ್ರದ ನೊಬೆಲ್ ಪಡೆದವರಲ್ಲೊಬ್ಬರು. ಗದ್ದಲದ ಒಳಗಿಂದ ಕ್ಷೀಣ ಸಿಗ್ನಲ್ ಹೆಕ್ಕುವುದು ಅವರಿಗೆ ಕೈಗೆ ಹತ್ತಿದ ವಿದ್ಯೆ. ಎಫ್‌ಟಿ8ನಲ್ಲೂ ಇರುವುದು ಅದೇ. ಕಿವಿಗೆ ಬರೀ ಗುಂಯ್ ಅನ್ನುವ ಸದ್ದು ಕೇಳುವಲ್ಲಿ ಕಂಪ್ಯೂಟರ್ ಕಾಲ್‌ಸೈನ್‌ಗಳನ್ನು ಹೆಕ್ಕಿ ತೋರಿಸುತ್ತದೆ.

ಇದರಲ್ಲಿ ಸಮಯವನ್ನು 15 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿದ್ದಾರೆ. ಒಂದು ತುಂಡಿನಲ್ಲಿ ನೀವು ಕಳಿಸಿದರೆ, ಮುಂದಿನ ತುಂಡಿನಲ್ಲಿ ಆ ಕಡೆಯವರು ಕಳಿಸುತ್ತಾರೆ. ಒಂದು ಸಂದೇಶಕ್ಕೆ 12.64 ಸೆಕೆಂಡು ಬೇಕು. ಉಳಿಯುವುದು ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಕಂಪ್ಯೂಟರ್ ಸಿಗ್ನಲ್ ಬಿಡಿಸಬೇಕು, ಅದರಲ್ಲಿ ಏನಿದೆ ಅಂತ ನೀವು ಓದಬೇಕು, ಯಾವ ಉತ್ತರ ಅಂತ ತೀರ್ಮಾನಿಸಬೇಕು, ಗುಂಡಿ ಒತ್ತಬೇಕು. ಮನುಷ್ಯನ ಕೈಯಲ್ಲಿ ಪ್ರತಿ ಸಲವೂ ಆಗುವ ಕೆಲಸವಲ್ಲ. ಆಗಾಗ ತಪ್ಪುತ್ತದೆ, ಸರದಿ ಕೈ ತಪ್ಪಿ ಇನ್ನೊಂದು ಅರ್ಧ ನಿಮಿಷ ಕಾಯಬೇಕಾಗುತ್ತದೆ.

ಅದಕ್ಕೇ ಎಫ್‌ಟಿ8ರ ಮುಖ್ಯ ಪ್ರೋಗ್ರಾಂ ಆದ ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನಲ್ಲಿ ಆಟೋ ಸೀಕ್ವೆನ್ಸ್ ಅನ್ನುವ ಸೌಲಭ್ಯ ಇದೆ. ಒಂದು ಸಂಪರ್ಕ ಹೀಗೆ ಸಾಗುತ್ತದೆ: ಒಬ್ಬರು ಸಿಕ್ಯೂ ಕರೆ ಕೊಡುತ್ತಾರೆ, ಅಂದರೆ "ಯಾರಾದರೂ ಇದ್ದೀರಾ" ಅಂತ. ಇನ್ನೊಬ್ಬರು ತಾವಿರುವ ಜಾಗದ ಸಂಕೇತ ಕಳಿಸುತ್ತಾರೆ. ಆಮೇಲೆ ಸಿಗ್ನಲ್ ಎಷ್ಟು ಗಟ್ಟಿ ಇದೆ ಅನ್ನುವ ವರದಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಕೊನೆಗೆ ಸಿಕ್ಕಿತು ಅನ್ನುವ ಒಪ್ಪಿಗೆ ಮತ್ತು 73, ಅಂದರೆ ಶುಭಾಶಯ. ಒಟ್ಟು ಸುಮಾರು ಒಂದೂವರೆ ನಿಮಿಷ. ಮೊದಲ ಹೆಜ್ಜೆ ನೀವು ಇಟ್ಟರೆ ಉಳಿದ ಹೆಜ್ಜೆಗಳನ್ನು ಪ್ರೋಗ್ರಾಂ ಸರದಿ ಪ್ರಕಾರ ಇಡುತ್ತದೆ.

ಇದು ಗುಟ್ಟಲ್ಲ. ಕೈಪಿಡಿಯಲ್ಲಿ ಬರೆದಿದೆ, ಪರದೆ ಮೇಲೆ ಟಿಕ್ ಹಾಕುವ ಚೌಕ ಇದೆ. ಇನ್ನೂ ಒಂದು ಕಾವಲಿದೆ. ನೀವು ಕೀಲಿಮಣೆ, ಮೌಸ್ ಮುಟ್ಟದೆ ಕೆಲವು ನಿಮಿಷ ಕಳೆದರೆ ಟ್ರಾನ್ಸ್‌ಮಿಟ್ ತಾನಾಗೇ ನಿಲ್ಲುತ್ತದೆ. ಇದಕ್ಕೆ ವಾಚ್‌ಡಾಗ್ ಅಂತ ಹೆಸರು. ಹ್ಯಾಮ್ ಎದ್ದು ಹೋಗಿದ್ದರೂ ರೇಡಿಯೋ ರಾತ್ರಿಯಿಡೀ ಕೂಗುತ್ತಾ ಇರಬಾರದು ಅನ್ನುವುದು ಅದರ ಉದ್ದೇಶ.

ಆದರೆ ಈ ಪ್ರೋಗ್ರಾಂನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ತೆಗೆದುಕೊಂಡು ಬದಲಾಯಿಸಬಹುದು. ಕೆಲವರು ವಾಚ್‌ಡಾಗ್ ಕಿತ್ತು ಹಾಕಿ, ಒಂದು ಸಂಪರ್ಕ ಮುಗಿದ ಕೂಡಲೇ ಮುಂದಿನದನ್ನು ತಾನೇ ಹುಡುಕಿ ಕರೆಯುವ ಹಾಗೆ ತಿದ್ದಿದ್ದಾರೆ. ಹೊರಗಿನಿಂದ ನಕಲಿ ಮೌಸ್ ಕ್ಲಿಕ್ ಕೊಟ್ಟು ಇದೇ ಕೆಲಸ ಮಾಡಿಸುವ ಚಿಕ್ಕ ಪ್ರೋಗ್ರಾಂಗಳೂ ಇವೆ. ಆ ಕಡೆ ಕೂತು ಉತ್ತರ ಕೊಡುತ್ತಿರುವ ಹ್ಯಾಮ್‌ಗೆ ತಾನು ಮನುಷ್ಯನ ಜೊತೆ ಮಾತಾಡುತ್ತಿಲ್ಲ ಅಂತ ಗೊತ್ತಾಗುವ ದಾರಿಯೇ ಇಲ್ಲ. ಮನುಷ್ಯ ಕಳಿಸಿದರೂ ಪ್ರೋಗ್ರಾಂ ತಾನೇ ಕಳಿಸಿದರೂ ಸಿಗ್ನಲ್ ಒಂದೇ ಥರ ಇರುತ್ತದೆ.

ಪಕ್ಕದಲ್ಲಿ ಮನುಷ್ಯ ಇದ್ದಾರಾ?

ಕಾನೂನು ಕೇಳುವ ಪ್ರಶ್ನೆ ತುಂಬಾ ಸರಳ. ಟ್ರಾನ್ಸ್‌ಮಿಟ್ ಆಗುವಾಗ ಅದನ್ನು ನಿಲ್ಲಿಸಬಲ್ಲ ಮನುಷ್ಯ ನಿಯಂತ್ರಣದ ಜಾಗದಲ್ಲಿ ಇದ್ದಾರೋ ಇಲ್ಲವೋ? ಅಮೆರಿಕದ ನಿಯಮಗಳನ್ನೇ ನೋಡಿ. ಅಲ್ಲಿನ ಹ್ಯಾಮ್ ನಿಯಮಗಳ 97ನೇ ಭಾಗ ಮೂರು ಬಗೆಯ ನಿಯಂತ್ರಣ ಹೇಳುತ್ತದೆ. ರೇಡಿಯೋ ಮುಂದೆಯೇ ಕೂತು ನಡೆಸುವುದು, ದೂರದಿಂದ ನಡೆಸುವುದು, ಯಾರೂ ಇಲ್ಲದೆ ತಾನಾಗೇ ನಡೆಯುವುದು. ಮೂರನೆಯದಕ್ಕೂ ಅವಕಾಶ ಇದೆ, ಆದರೆ ಜಾಗ ಗೊತ್ತುಪಡಿಸಿದ್ದಾರೆ. 20 ಮೀಟರ್ ಬ್ಯಾಂಡಿನಲ್ಲಿ, ಅಂದರೆ 14 ಮೆಗಾಹರ್ಟ್ಸ್‌ನಿಂದ ಶುರುವಾಗುವ ಆವರ್ತನಗಳಲ್ಲಿ, ತಾನಾಗೇ ನಡೆಯುವ ಡಿಜಿಟಲ್ ನಿಲ್ದಾಣಗಳಿಗೆ 14.0950ರಿಂದ 14.0995, ಮತ್ತೆ 14.1005ರಿಂದ 14.112 ಮೆಗಾಹರ್ಟ್ಸ್. ಅದರಾಚೆ, ಮನುಷ್ಯರು ನಡೆಸುವ ನಿಲ್ದಾಣ ಕರೆದರೆ ಕಿರಿದಾದ ಸಿಗ್ನಲ್‌ನಲ್ಲಿ ಉತ್ತರ ಕೊಡಬಹುದು ಅಷ್ಟೇ. ತಾನಾಗೇ ಕರೆ ಶುರು ಮಾಡುವ ಹಾಗಿಲ್ಲ. ಎಫ್‌ಟಿ8 ಜನ ಸೇರುವ 14.074 ಈ ಗಡಿಯ ಹೊರಗಿದೆ.

ನಡುವೆ 14.100ರ ಸುತ್ತ ಒಂದು ಕಿಲೋಹರ್ಟ್ಸ್ ಬಿಟ್ಟಿರುವುದನ್ನು ಗಮನಿಸಿದಿರಾ? ಅದು ಬೀಕನ್‌ಗಳ ಜಾಗ. ಜಗತ್ತಿನ 18 ಕಡೆ ಇಟ್ಟ ನಿಲ್ದಾಣಗಳು ಒಂದರ ನಂತರ ಒಂದು ತಲಾ 10 ಸೆಕೆಂಡು ಸಿಗ್ನಲ್ ಕಳಿಸುತ್ತವೆ, ಮೂರು ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಮೊದಲು ಕಾಲ್‌ಸೈನ್, ಆಮೇಲೆ 100, 10, 1, 0.1 ವಾಟ್‌ನಲ್ಲಿ ಒಂದೊಂದು ಉದ್ದದ ಗೆರೆ, ಅಂದರೆ ಮೋರ್ಸ್‌ನ ಉದ್ದನೆಯ ಸದ್ದು. ಯಾವ ಗೆರೆಯವರೆಗೆ ಕೇಳಿಸಿತು ಅನ್ನುವುದರ ಮೇಲೆ ಆ ದಿಕ್ಕಿಗೆ ದಾರಿ ಎಷ್ಟು ತೆರೆದಿದೆ ಅಂತ ತಿಳಿಯುತ್ತದೆ. ಪೂರ್ತಿ ತಾನಾಗೇ ನಡೆಯುವ ವ್ಯವಸ್ಥೆ ಇದು. ಆದರೂ ಯಾರ ದೂರೂ ಇಲ್ಲ. ಯಾವ ನಿಲ್ದಾಣ, ಯಾವ ಕ್ಷಣ, ಯಾವ ಆವರ್ತನ, ಎಷ್ಟು ಶಕ್ತಿ ಎಲ್ಲವೂ ಮೊದಲೇ ಪ್ರಕಟ. ನನಗೆ ಇದು ತುಂಬಾ ಇಷ್ಟವಾದ ಉದಾಹರಣೆ. ಗೊಂದಲ ತಾನಾಗೇ ನಡೆಯುವುದರಲ್ಲಿ ಇಲ್ಲ, ಹೇಳದೇ ಇರುವುದರಲ್ಲಿ ಇದೆ ಅನ್ನುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪ್ರಶಸ್ತಿಗಳ ಲೋಕಕ್ಕೂ ಈ ಪ್ರಶ್ನೆ ತಟ್ಟಿದೆ. ನೂರು ಅಥವಾ ಹೆಚ್ಚು ದೇಶ, ಪ್ರದೇಶಗಳ ಜೊತೆ ಸಂಪರ್ಕ ಮಾಡಿದವರಿಗೆ ಅಮೆರಿಕದ ಹ್ಯಾಮ್‌ಗಳ ಸಂಘಟನೆಯಾದ ಎಆರ್‌ಆರ್‌ಎಲ್ ಡಿಎಕ್ಸ್‌ಸಿಸಿ ಅನ್ನುವ ಮಾನ್ಯತೆ ಕೊಡುತ್ತದೆ. ಪ್ರತಿ ಸಂಪರ್ಕವನ್ನೂ ಎರಡೂ ಕಡೆಯ ಹ್ಯಾಮ್‌ಗಳು ಆ ಹೊತ್ತಿನಲ್ಲೇ ಖುದ್ದಾಗಿ ಶುರು ಮಾಡಿರಬೇಕು ಅಂತ ಅದರ ನಿಯಮದಲ್ಲಿ ಸೇರಿಸಿದ್ದಾರೆ.

ಹೇಳಿದ್ದೂ ಹೇಳದ್ದೂ ಒಂದೇ ಗೆರೆಯಲ್ಲ

"ಹೇಳಿಲ್ಲ" ಅನ್ನುವುದರಲ್ಲಿ ಹಲವು ಮಟ್ಟಗಳಿವೆ. ಪರದೆ ಮೇಲೆ ಎದ್ದು ಕಾಣುವ ಗುಂಡಿ ಒಂದು ತುದಿ. ಬೇಕೆಂದೇ ಮುಚ್ಚಿಟ್ಟ ಕೋಡ್ ಇನ್ನೊಂದು ತುದಿ. ಹೆಚ್ಚಿನವು ನಡುವೆ ಎಲ್ಲೋ ಇರುತ್ತವೆ. ಕೈಪಿಡಿಯ ನಡುಪುಟದಲ್ಲಿ ಒಂದು ಸಾಲು ಇರುತ್ತದೆ, ಆದರೆ ಸೌಲಭ್ಯ ಮೊದಲ ದಿನದಿಂದಲೇ ಚಾಲೂ ಆಗಿರುತ್ತದೆ. ಅಥವಾ ಹೊಸ ಆವೃತ್ತಿಯಲ್ಲಿ ಸೇರಿಸಿರುತ್ತಾರೆ, ಹಳೆಯ ಆವೃತ್ತಿಯ ಕೈಪಿಡಿ ಓದಿದವರಿಗೆ ಅದು ಗೊತ್ತಾಗುವುದೇ ಇಲ್ಲ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಬಳಸುವವರ ಪಾಲಿಗೆ ಮಾತ್ರ ಗೊತ್ತಿಲ್ಲದ್ದು ಗೊತ್ತಿಲ್ಲದ್ದೇ.

ಜೆಎಸ್8ಕಾಲ್ ಅನ್ನುವ ಪ್ರೋಗ್ರಾಂ ನೋಡಿ. ಎಫ್‌ಟಿ8ರ ತಂತ್ರವನ್ನೇ ಬಳಸಿ ಬರಹದಲ್ಲಿ ಹರಟಲು ಅನುಕೂಲ ಮಾಡಿಕೊಡುತ್ತದೆ. ಅದರಲ್ಲಿ ಹಾರ್ಟ್‌ಬೀಟ್ ಅಂತ ಒಂದು ಸೌಲಭ್ಯ ಇದೆ. ಚಾಲೂ ಮಾಡಿದರೆ ಆಗಾಗ "ನಾನಿದ್ದೇನೆ" ಅಂತ ಕಳಿಸುತ್ತಿರುತ್ತದೆ. ತಾನಾಗೇ ಉತ್ತರಿಸುವ ಗುಂಡಿ ಒತ್ತಿದ್ದರೆ, "ನನ್ನ ಸಿಗ್ನಲ್ ಹೇಗಿದೆ" ಅಂತ ಯಾರಾದರೂ ಕೇಳಿದಾಗ ನಿಮ್ಮನ್ನು ಕೇಳದೆ ಉತ್ತರ ಹೋಗುತ್ತದೆ. ಇನ್ನೊಬ್ಬರ ಸಂದೇಶವನ್ನು ಮೂರನೆಯವರಿಗೆ ದಾಟಿಸುವ ಕೆಲಸವನ್ನೂ ಅದು ಮಾಡಬಲ್ಲದು. ಅಂದರೆ ಬೇರೆಯವರ ಮಾತು, ನಿಮ್ಮ ಟ್ರಾನ್ಸ್‌ಮಿಟರ್. ಇವೆಲ್ಲ ಬಹಿರಂಗವಾಗಿಯೇ ಇವೆ, ಗುಂಡಿಗಳೂ ಕಣ್ಣ ಮುಂದೆ ಇವೆ. ಆದರೆ ಒಂದು ಸಲ ಒತ್ತಿ ಮರೆತರೆ ಫಲ ಒಂದೇ ಅಲ್ವಾ?

ಆಂಟೆನಾ ಬಿಟ್ಟು ಇನ್ನೊಂದು ದಾರಿ

ಪ್ರೋಗ್ರಾಂ ಹೊರಗೆ ಕಳಿಸುವುದು ರೇಡಿಯೋ ಅಲೆಗಳನ್ನು ಮಾತ್ರವಲ್ಲ. ಇಂಟರ್ನೆಟ್ ಮೂಲಕವೂ ತುಂಬಾ ಹೋಗುತ್ತದೆ. ಪಿಎಸ್‌ಕೆ ರಿಪೋರ್ಟರ್ ಅನ್ನುವ ಜಾಲತಾಣಕ್ಕೆ ಜಗತ್ತಿನ ಹ್ಯಾಮ್‌ಗಳ ಕಂಪ್ಯೂಟರ್‌ಗಳು "ನಾನು ಇಂಥವರನ್ನು ಇಂಥ ಆವರ್ತನದಲ್ಲಿ ಕೇಳಿದೆ" ಅಂತ ವರದಿ ಕಳಿಸುತ್ತಲೇ ಇರುತ್ತವೆ. ಅದರಿಂದ ಒಂದು ನಕ್ಷೆ ಸಿದ್ಧವಾಗುತ್ತದೆ. ನಿಮ್ಮ ಸಿಗ್ನಲ್ ಎಲ್ಲಿವರೆಗೆ ಮುಟ್ಟಿತು ಅಂತ ಕೆಲವೇ ನಿಮಿಷದಲ್ಲಿ ನೋಡಬಹುದು. ಅದ್ಭುತ ಸೌಲಭ್ಯ. ಆದರೆ ವರದಿ ಕಳಿಸುವವರ ಕಾಲ್‌ಸೈನ್ ಮತ್ತು ಜಾಗವೂ ಅದರ ಜೊತೆ ಹೋಗುತ್ತದೆ. ನೀವು ಟ್ರಾನ್ಸ್‌ಮಿಟ್ ಮಾಡದೆ ಬರೀ ಕೇಳುತ್ತಾ ಕೂತಿದ್ದರೂ ನಿಮ್ಮ ರೇಡಿಯೋ ಚಾಲೂ ಇದೆ ಅಂತ ಜಗತ್ತಿಗೆ ತಿಳಿಯುತ್ತದೆ.

ಜಾಗ ಎಷ್ಟು ನಿಖರ? ಹ್ಯಾಮ್‌ಗಳು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡಿದ್ದಾರೆ. ನಾಲ್ಕು ಅಕ್ಷರದ ಸಂಕೇತ ಉತ್ತರ ದಕ್ಷಿಣಕ್ಕೆ ಸುಮಾರು 111 ಕಿಲೋಮೀಟರ್ ಉದ್ದದ ಚೌಕ ತೋರಿಸುತ್ತದೆ. ಆರು ಅಕ್ಷರ ಹಾಕಿದರೆ ಅದು ಐದು ಕಿಲೋಮೀಟರ್‌ಗಿಂತ ಕಡಿಮೆ. ಎಂಟು ಹಾಕಿದರೆ ಅರ್ಧ ಕಿಲೋಮೀಟರಿನ ಒಳಗೆ. ಸೆಟ್ಟಿಂಗ್‌ನಲ್ಲಿ ಎಷ್ಟು ಅಕ್ಷರ ತುಂಬಿದ್ದೀರಿ ಅನ್ನುವುದು ಹಾಗಾಗಿ ಸಣ್ಣ ವಿಷಯವಲ್ಲ. ವಾಹನದ ಜಾಡು ತೋರಿಸುವ ಎಪಿಆರ್‌ಎಸ್‌ನಲ್ಲಂತೂ ಜಿಪಿಎಸ್ ಕೊಟ್ಟ ಜಾಗವೇ ಸಿಗ್ನಲ್‌ನಲ್ಲಿ ಹೋಗಿ, ನಡುವಿನ ನಿಲ್ದಾಣಗಳ ಮೂಲಕ ಇಂಟರ್ನೆಟ್ ಸೇರುತ್ತದೆ.

ಲಾಗ್, ಅಂದರೆ ಸಂಪರ್ಕಗಳ ದಾಖಲೆ, ಬರೆಯುವ ಪ್ರೋಗ್ರಾಂಗಳೂ ಹೀಗೇ. ಸಂಪರ್ಕ ಮುಗಿದ ಕ್ಷಣವೇ ವಿವರವನ್ನು ಹಲವು ಜಾಲತಾಣಗಳಿಗೆ ಏರಿಸುತ್ತವೆ. ಹೊಸ ಆವೃತ್ತಿ ಬಂದಿದೆಯಾ ಅಂತ ನೋಡಲು ತಯಾರಕರ ಸರ್ವರ್‌ಗೆ ಹೋಗಿ ಬರುವಾಗ ಕಾಲ್‌ಸೈನ್ ಜೊತೆಗೆ ಒಯ್ಯುವುದೂ ಉಂಟು.

ಆ ಸರ್ವರ್ ಸಂಪರ್ಕ ಏನೆಲ್ಲ ಮಾಡಬಲ್ಲದು ಅಂತ ಹ್ಯಾಮ್ ಲೋಕಕ್ಕೆ ಗೊತ್ತಾಗಿದ್ದು 2016ರ ಡಿಸೆಂಬರ್‌ನಲ್ಲಿ. ಹ್ಯಾಮ್ ರೇಡಿಯೋ ಡಿಲಕ್ಸ್ ಅನ್ನುವುದು ದುಡ್ಡು ಕೊಟ್ಟು ಕೊಳ್ಳುವ ಪ್ರೋಗ್ರಾಂ. ಅದನ್ನು ಕೊಂಡವರೊಬ್ಬರು ಕಟುವಾದ ವಿಮರ್ಶೆ ಬರೆದಿದ್ದರು. ಆಮೇಲೆ ಹೊಸ ಆವೃತ್ತಿ ಹಾಕಿಕೊಂಡರೆ ಅದು ಕೆಲಸವನ್ನೇ ಮಾಡಲಿಲ್ಲ. ಅವರ ಕಾಲ್‌ಸೈನ್ ತಡೆಪಟ್ಟಿಗೆ ಸೇರಿತ್ತು. ವಿಮರ್ಶೆ ತೆಗೆದರೆ ತಡೆ ತೆಗೆಯುತ್ತೇವೆ ಅನ್ನುವ ಉತ್ತರ ಬಂತು. ಸುದ್ದಿ ಹರಡಿದ ಮೇಲೆ ಕಂಪನಿ ಕ್ಷಮೆ ಕೇಳಿತು. ಅಲ್ಲಿವರೆಗೆ ಇಂಥ ಪಟ್ಟಿಯೊಂದು ಪ್ರೋಗ್ರಾಂ ಒಳಗೆ ಕೆಲಸ ಮಾಡುತ್ತಿದೆ ಅನ್ನುವುದು ಹೆಚ್ಚಿನ ಬಳಕೆದಾರರಿಗೆ ತಿಳಿದಿರಲಿಲ್ಲ.

ಯಾರೂ ಬೇಕೆಂದು ಬರೆಯದ ನಡವಳಿಕೆ

ಎಲ್ಲ ಗುಟ್ಟಿನ ಹಿಂದೆಯೂ ಯಾರೋ ಇದ್ದಾರೆ ಅಂತ ಅಂದುಕೊಳ್ಳಬೇಕಿಲ್ಲ. ಕಂಪ್ಯೂಟರ್ ರೇಡಿಯೋಗೆ "ಈಗ ಟ್ರಾನ್ಸ್‌ಮಿಟ್ ಮಾಡು" ಅಂತ ಹೇಳುವ ಹಳೆಯ ದಾರಿ ಸೀರಿಯಲ್ ಪೋರ್ಟ್. ಅದರ ಆರ್‌ಟಿಎಸ್ ಅಥವಾ ಡಿಟಿಆರ್ ಅನ್ನುವ ತಂತಿಯ ವೋಲ್ಟೇಜ್ ಮೇಲೇರಿದರೆ ರೇಡಿಯೋ ಟ್ರಾನ್ಸ್‌ಮಿಟ್‌ಗೆ ಹೋಗುತ್ತದೆ. ಯುಎಸ್‌ಬಿ ಕೇಬಲ್ ಇರುವ ಹೊಸ ರೇಡಿಯೋಗಳ ಒಳಗೂ ಇದೇ ಏರ್ಪಾಟು ಇದೆ. ಗೊಂದಲ ಏನಂದರೆ, ರೇಡಿಯೋಗೆ ಸಂಬಂಧವೇ ಇಲ್ಲದ ಪ್ರೋಗ್ರಾಂ ಆ ಪೋರ್ಟ್ ತೆರೆದರೂ, ಕಂಪ್ಯೂಟರ್ ಆನ್ ಆಗುವಾಗಲೂ, ಆ ತಂತಿಯ ವೋಲ್ಟೇಜ್ ಮೇಲೇರಬಹುದು. ರೇಡಿಯೋ ಪಾಪ, ಹೇಳಿದ್ದನ್ನು ಮಾಡುತ್ತದೆ. ಹೊರಟ ಸಿಗ್ನಲ್‌ನಲ್ಲಿ ಕಾಲ್‌ಸೈನ್ ಕೂಡ ಇರುವುದಿಲ್ಲ.

ಇನ್ನೊಂದು ವಾಕ್ಸ್. ಶಬ್ದ ಬಂದರೆ ತಾನಾಗೇ ಟ್ರಾನ್ಸ್‌ಮಿಟ್ ಮಾಡುವ ವ್ಯವಸ್ಥೆ. ಕಂಪ್ಯೂಟರಿನ ಶಬ್ದವೆಲ್ಲ ರೇಡಿಯೋ ಕಡೆಗೇ ಹೋಗುವಂತಿದ್ದರೆ, ಮೇಲ್ ಬಂದ ಟಿಂಗ್ ಅನ್ನುವ ಸದ್ದೂ ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ಹೋಗಬಹುದು. ರೇಡಿಯೋಗೆ ಬೇರೆ ಸೌಂಡ್ ಕಾರ್ಡ್, ವಿಂಡೋಸ್ ಸದ್ದುಗಳಿಗೆ ಬೇರೆ ಅಂತ ಇಟ್ಟರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಕೋಡ್ ತೆರೆದಿದ್ದರೆ ಸಾಕಾ?

ಮೂಲ ಕೋಡ್ ಎಲ್ಲರಿಗೂ ಸಿಗುವ ಪ್ರೋಗ್ರಾಂನಲ್ಲಿ ಗುಟ್ಟು ಇಡುವುದು ಕಷ್ಟ ನಿಜ. ಅನುಮಾನ ಬಂದರೆ ಓದಬಲ್ಲವರು ಓದಿ ನೋಡಬಹುದು. ಆದರೆ ನೀವು ಇಳಿಸಿಕೊಂಡ ಸಿದ್ಧ ಫೈಲು ಆ ಕೋಡ್‌ನಿಂದಲೇ ಆಗಿದ್ದಾ? ಅಥವಾ ಅದೇ ಕೋಡನ್ನು ಯಾರೋ ತಿದ್ದಿ, ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಹೊರತಂದ ಇನ್ನೊಂದು ಕವಲಿನದಾ? ಇದನ್ನು ನೋಡದೆ ಬರೀ ಹೆಸರು ನಂಬಿದರೆ ಪ್ರಯೋಜನ ಇಲ್ಲ. ಮುಚ್ಚಿದ ಕೋಡ್ ಆದರೆ ಉಳಿಯುವ ದಾರಿ ಒಂದೇ, ಅದು ಏನು ಮಾಡುತ್ತದೆ ಅಂತ ಹೊರಗಿನಿಂದ ಗಮನಿಸುವುದು. ಅದೃಷ್ಟಕ್ಕೆ ರೇಡಿಯೋ ವಿಷಯದಲ್ಲಿ ಇದು ಸುಲಭ, ಯಾಕೆಂದರೆ ಹೊರಗೆ ಹೋದದ್ದು ಕೇಳಿಸಿಯೇ ಕೇಳಿಸುತ್ತದೆ.

ನೀವೇ ನೋಡುವುದು ಹೇಗೆ

ಹೊಸ ಪ್ರೋಗ್ರಾಂ ಹಾಕಿದ ದಿನ ಆಂಟೆನಾ ತೆಗೆದು ಡಮ್ಮಿ ಲೋಡ್ ಜೋಡಿಸಿ. ಸಿಗ್ನಲ್ ಅನ್ನು ಹೊರಗೆ ಬಿಡದೆ ಬಿಸಿಯಾಗಿಸಿ ನುಂಗುವ ಸಾಧನ ಅದು. ಪ್ರೋಗ್ರಾಂ ತೆರೆಯಿರಿ, ಮುಚ್ಚಿರಿ, ಕಂಪ್ಯೂಟರ್ ಆರಿಸಿ ಮತ್ತೆ ಹಾಕಿರಿ. ಪ್ರತಿ ಹೆಜ್ಜೆಯಲ್ಲೂ ರೇಡಿಯೋದ ಟ್ರಾನ್ಸ್‌ಮಿಟ್ ದೀಪ ನೋಡಿ. ಆಮೇಲೆ ಏನನ್ನೂ ಮುಟ್ಟದೆ ಒಂದು ಗಂಟೆ ಬಿಟ್ಟು ಬಿಡಿ. ಶಕ್ತಿ ಕಡಿಮೆ ಇಡುವುದು ಮರೆಯಬೇಡಿ, ಡಮ್ಮಿ ಲೋಡ್‌ಗೂ ಮಿತಿ ಇರುತ್ತದೆ.

ಆಂಟೆನಾ ಜೋಡಿಸಿದ ಮೇಲೆ ಪಿಎಸ್‌ಕೆ ರಿಪೋರ್ಟರ್‌ನಲ್ಲಿ ನಿಮ್ಮದೇ ಕಾಲ್‌ಸೈನ್ ಹುಡುಕಿ. ನೀವು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ನಿಮ್ಮ ಸಿಗ್ನಲ್ ಕೇಳಿದೆವು ಅಂತ ಯಾರಾದರೂ ವರದಿ ಮಾಡಿದ್ದರೆ ಅಲ್ಲೇ ಕಾಣುತ್ತದೆ. ಡಬ್ಲ್ಯೂಎಸ್‌ಜೆಟಿ-ಎಕ್ಸ್ ಬಳಸುವವರಿಗೆ ಇನ್ನೂ ಸುಲಭ. ಅದರ ಲಾಗ್ ಫೋಲ್ಡರಿನಲ್ಲಿ ಆಲ್ ಅನ್ನುವ ಹೆಸರಿನ ಪಠ್ಯ ಫೈಲ್ ಇದೆ. ಕೇಳಿದ, ಕಳಿಸಿದ ಪ್ರತಿ ಸಂದೇಶವೂ ಸಮಯದ ಸಮೇತ ಅದರಲ್ಲಿ ದಾಖಲಾಗುತ್ತದೆ. ಧ್ವನಿ, ಮೋರ್ಸ್ ಬಳಸುವವರು ಇಂಟರ್ನೆಟ್ ಮೂಲಕ ಕೇಳಬಹುದಾದ ರಿಸೀವರ್‌ಗಳನ್ನು ತೆರೆದು ತಮ್ಮದೇ ಆವರ್ತನ ಕೇಳಬಹುದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರ್ ಇವುಗಳಲ್ಲಿ ಹೆಸರಾದದ್ದು.

ಇಂಟರ್ನೆಟ್ ಕಡೆಯದಕ್ಕೆ ವಿಂಡೋಸ್‌ನ ರಿಸೋರ್ಸ್ ಮಾನಿಟರ್ ತೆರೆದರೆ ಯಾವ ಪ್ರೋಗ್ರಾಂ ಯಾವ ವಿಳಾಸದ ಜೊತೆ ಮಾತಾಡುತ್ತಿದೆ ಅಂತ ಕಾಣುತ್ತದೆ. 127.0.0.1 ಅಂತ ಇದ್ದರೆ ಅದು ನಿಮ್ಮದೇ ಕಂಪ್ಯೂಟರ್, ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಸುದ್ದಿ ಕೊಡುತ್ತಿದೆ ಅಷ್ಟೇ. ಬೇರೆ ವಿಳಾಸ ಕಂಡರೆ ಅದು ಯಾರದು ಅಂತ ವಿಚಾರಿಸಿ. ಒಳಗೆ ಏನು ಹೋಗುತ್ತಿದೆ ಅಂತ ನೋಡಬೇಕಾದರೆ ವೈರ್‌ಶಾರ್ಕ್ ಅನ್ನುವ ಪ್ರೋಗ್ರಾಂ ಇದೆ, ಕಲಿಯಲು ಸ್ವಲ್ಪ ತಾಳ್ಮೆ ಬೇಕು. ಸಂದೇಶ ಎನ್‌ಕ್ರಿಪ್ಟ್ ಆಗಿದ್ದರೆ ವಿಳಾಸ ಮಾತ್ರ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ.

ಹಲವು ರೇಡಿಯೋಗಳ ಮೆನುವಿನಲ್ಲಿ ಟೈಮ್ ಔಟ್ ಟೈಮರ್ ಇರುತ್ತದೆ. ಇಷ್ಟು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮನೆ ಟ್ರಾನ್ಸ್‌ಮಿಟ್ ಆದರೆ ರೇಡಿಯೋ ತಾನೇ ನಿಲ್ಲಿಸುತ್ತದೆ. ಪೋರ್ಟ್ ಸಿಕ್ಕಿಹಾಕಿಕೊಂಡಾಗ ಇದು ಕಾಪಾಡುತ್ತದೆ. ಎಫ್‌ಟಿ8ರಂಥ ತುಂಡು ತುಂಡು ಸಿಗ್ನಲ್ ವಿಷಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಪ್ರತಿ ಸಂದೇಶಕ್ಕೂ ಅದರ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಅಲ್ಲಿ ಎದ್ದು ಹೋಗುವ ಮುಂಚೆ ರೇಡಿಯೋ ಆಫ್ ಮಾಡುವುದೇ ನಂಬಬಹುದಾದ ಉಪಾಯ.

ಏನಾದರೂ ಸಿಕ್ಕಿತು ಅಂತಿಟ್ಟುಕೊಳ್ಳಿ. ಪ್ರೋಗ್ರಾಂನ ಆವೃತ್ತಿ ಸಂಖ್ಯೆ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯ, ಆವರ್ತನ, ಆಗ ಯಾವ ಯಾವ ಚೌಕದಲ್ಲಿ ಟಿಕ್ ಇತ್ತು ಅನ್ನುವುದನ್ನು ಬರೆದಿಟ್ಟುಕೊಂಡು ತಯಾರಕರಿಗೆ ಕಳಿಸಿ. ನೇರವಾಗಿ ಕೇಳಬೇಕಾದ ಪ್ರಶ್ನೆಗಳು ಇವು: ನಾನು ಒತ್ತದೆ ಇದು ಯಾವಾಗ ಟ್ರಾನ್ಸ್‌ಮಿಟ್ ಮಾಡುತ್ತದೆ, ಯಾವುದು ಅದನ್ನು ನಿಲ್ಲಿಸುತ್ತದೆ, ಇಂಟರ್ನೆಟ್‌ಗೆ ಏನು ಕಳಿಸುತ್ತದೆ, ಯಾರಿಗೆ? ಒಳ್ಳೆಯ ತಯಾರಕರು ಒಂದು ಪುಟದಲ್ಲಿ ಇದಕ್ಕೆ ಉತ್ತರ ಕೊಡಬಲ್ಲರು. ಸಿಗ್ನಲ್ ನಿಜವಾಗಿಯೂ ಗಾಳಿಗೆ ಹೋಗಿದ್ದರೆ ಅದನ್ನು ನಿಮ್ಮ ಲಾಗ್‌ನಲ್ಲೂ ಬರೆಯಿರಿ. ಮುಂದೆ ಯಾರಾದರೂ ಅದರ ಬಗ್ಗೆ ವಿಚಾರಿಸಿದರೆ ಆವತ್ತು ಏನಾಯಿತು, ಹೇಗೆ ಸರಿಪಡಿಸಿದಿರಿ ಅನ್ನುವುದಕ್ಕೆ ಅದೇ ದಾಖಲೆ.